ಒಂಟಿ ದನಿಗೊಂದು ಹಾಳೆ: ಚರ್ಚ್ ಸೋಲೋಗೆ ಸ್ವರಲಿಪಿ ಹುಡುಕೋದು ಹೇಗೆ?

ಡಿಸೆಂಬರ್ ಹತ್ತಿರ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಕೆಲವರಿಗೆ ಎರಡು ಚಿಂತೆ ಒಟ್ಟಿಗೇ ಶುರುವಾಗುತ್ತವೆ. ಒಂದು ಸೆಮಿಸ್ಟರ್ ಪರೀಕ್ಷೆ. ಇನ್ನೊಂದು ಊರಿಂದ ಬರೋ ಫೋನು: "ಈ ಸಲ ಕ್ರಿಸ್‌ಮಸ್‌ಗೆ ಚರ್ಚಲ್ಲಿ ನೀನೇ ಒಂದು ಸೋಲೋ ಹಾಡ್ಬೇಕಂತೆ." ಹತ್ತು ಜನರ ಕ್ವಾಯರ್‌ನಲ್ಲಿ ಒಬ್ಬರು ತಪ್ಪಿದರೆ ಉಳಿದ ಒಂಬತ್ತು ಜನ ಮುಚ್ಚಿಹಾಕುತ್ತಾರೆ. ಸೋಲೋದಲ್ಲಿ ಆ ಆಸರೆ ಇಲ್ಲ. ಇರೋದು ನಿಮ್ಮ ದನಿ, ಒಂದು ಕೀಬೋರ್ಡು, ಮತ್ತು ಇಬ್ಬರ ನಡುವೆ ಒಂದು ಹಾಳೆ. ಆ ಹಾಳೆ ಸರಿಯಿಲ್ಲದಿದ್ದರೆ ಎಷ್ಟೇ ಪ್ರಾಕ್ಟೀಸ್ ಮಾಡಿದರೂ ಎರಡನೇ ಚರಣದಲ್ಲಿ ಗಂಟಲು ಕೈಕೊಡುತ್ತೆ.

ಈ ಲೇಖನದಲ್ಲಿ ನಾವು ಹೇಳೋದು ಇಷ್ಟೇ: ಹಾಡು ಸಿಗೋದು ಬೇರೆ, ನಿಮ್ಮ ಹಾಳೆ ಸಿಗೋದು ಬೇರೆ. ಗೂಗಲ್‌ನಲ್ಲಿ ಹೆಸರು ಹೊಡೆದರೆ ಹಾಡು ಎರಡು ಸೆಕೆಂಡಿನಲ್ಲಿ ಸಿಗುತ್ತೆ. ಅದು ನಿಮ್ಮ ಶ್ರುತಿಗೆ, ನಿಮ್ಮ ಕೀಬೋರ್ಡ್‌ನವರ ಓದಿಗೆ, ನಿಮ್ಮ ಕನ್ನಡದ ಮಾತಿಗೆ ಹೊಂದೋ ಹಾಳೆ ಆಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಲೆಕ್ಕ ಅಂದ್ರೆ ನಮ್ಮ ಓದುಗರಿಗೆ ಹೆದರಿಕೆ ಇಲ್ಲವಲ್ಲ!

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಊರು ಚಿಗಟೇರಿ. ದಾವಣಗೆರೆಯಲ್ಲಿ ಓದೋರಿಗೆ ಈ ಹೆಸರು ಕೇಳಿದರೆ ಮೊದಲು ನೆನಪಾಗೋದು ಅಲ್ಲಿನ ಜಿಲ್ಲಾಸ್ಪತ್ರೆ. ಹರಪನಹಳ್ಳಿ ಸೀಮೆಯವರಿಗಾದರೆ ನಾರದಮುನಿ ದೇವಸ್ಥಾನ. ವೀಣೆ ಹಿಡಿದು ಲೋಕದಿಂದ ಲೋಕಕ್ಕೆ ಹಾಡು ಹೊತ್ತೊಯ್ಯುವ ಮುನಿಯ ಊರಿನವಳೇ ನಮ್ಮ ಗಾಯಕಿ. ಪರೀಕ್ಷೆ ಮುಗಿಸಿ ಊರಿಗೆ ಹೋಗಿ, ಹತ್ತಿರದ ಚರ್ಚಿನಲ್ಲಿ ಹಾಡಬೇಕು. ಕೈಯಲ್ಲಿರೋದು ಮೂರು ವಾರ. ಕೀಬೋರ್ಡ್ ನುಡಿಸೋ ಅಣ್ಣ ಕಿವಿಯಿಂದ ಕಲಿತವರು, ಕಾರ್ಡ್ ಕೊಟ್ಟರೆ ನುಡಿಸ್ತಾರೆ. ಇವಳು ಎಲ್ಲಿಂದ ಶುರು ಮಾಡಬೇಕು?

ಮೊದಲ ಪ್ರಶ್ನೆ: ಯಾವ ಥರದ ಹಾಳೆ?

"ಶೀಟ್ ಮ್ಯೂಸಿಕ್" ಅನ್ನೋದು ಒಂದೇ ವಸ್ತುವಲ್ಲ. ಒಂದೇ ಹಾಡಿಗೆ ಕನಿಷ್ಠ ಐದು ಥರದ ಹಾಳೆ ಇರಬಹುದು.

ಲೀಡ್ ಶೀಟ್: ಒಂದೇ ಸಾಲಿನಲ್ಲಿ ಧಾಟಿ, ಕೆಳಗೆ ಮಾತು, ಮೇಲೆ ಕಾರ್ಡ್‌ಗಳ ಹೆಸರು. ಗಿಟಾರ್‌ನವರಿಗೆ, ಕಿವಿಯಿಂದ ಕಲಿತ ಕೀಬೋರ್ಡ್‌ನವರಿಗೆ ಇದೇ ಸಾಕು.

ಪಿಯಾನೊ-ವೋಕಲ್: ಮೂರು ಸಾಲು. ಮೇಲಿನದು ಹಾಡುವವರಿಗೆ, ಕೆಳಗಿನ ಎರಡು ಪಿಯಾನೊದ ಎರಡು ಕೈಗೆ. ಸೋಲೋ ಹಾಡು ಅಂತಲೇ ಅಚ್ಚಾದವು ಸಾಮಾನ್ಯವಾಗಿ ಹೀಗಿರುತ್ತವೆ.

ಹಿಮ್ನಲ್ ಹಾಳೆ: ಎರಡು ಸಾಲಿನಲ್ಲಿ ನಾಲ್ಕು ದನಿ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಲ್ಲ ಒಟ್ಟಿಗೆ. ಸೋಲೋ ಹಾಡೋರು ಮೇಲಿನ ಸೊಪ್ರಾನೊ ಗೆರೆ ಹಿಡಿದರೆ, ಕೀಬೋರ್ಡ್‌ನವರು ನಾಲ್ಕನ್ನೂ ನುಡಿಸಬಹುದು.

ವೋಕಲ್ ಸ್ಕೋರ್: ದೊಡ್ಡ ಕೃತಿಯ ಎಲ್ಲ ಹಾಡೂ ಇದ್ದು, ವಾದ್ಯವೃಂದದ ಭಾಗವನ್ನು ಪಿಯಾನೊಗೆ ಇಳಿಸಿರೋದು. ಹ್ಯಾಂಡೆಲ್‌ನ 'ಮೆಸ್ಸಾಯ' ಬೇಕಾದರೆ ಇದನ್ನೇ ಹುಡುಕಬೇಕು.

ಫುಲ್ ಸ್ಕೋರ್: ಪಿಟೀಲು, ತುತ್ತೂರಿ ಎಲ್ಲದರ ಸಾಲೂ ಇರೋ ಹಾಳೆ. ಇದು ಕಂಡಕ್ಟರ್‌ಗೆ. ಸೋಲೋ ಹಾಡೋರು ಇಳಿಸಿಕೊಂಡರೆ ಫೋನಿನ ಜಾಗ ಹಾಳು.

ಅದಕ್ಕೇ ಹುಡುಕೋಕೆ ಕೂರೋ ಮೊದಲು ಮಾಡಬೇಕಾದ ಕೆಲಸ ಫೋನಿನಲ್ಲಿ ಇಬ್ಬರನ್ನು ಕೇಳೋದು. ಜೊತೆಗೆ ನುಡಿಸೋ ಅಣ್ಣನಿಗೆ: "ನಿಮಗೆ ಐದು ಗೆರೆಯ ಲಿಪಿ ಬೇಕೋ, ಕಾರ್ಡ್ ಸಾಕೋ, ಸೋಲ್-ಫಾ ಬೇಕೋ?" ಸಭಾಪಾಲಕರಿಗೋ ಫಾದರ್‌ಗೋ: "ಹಾಡು ಆರಾಧನೆಯ ಯಾವ ಭಾಗದಲ್ಲಿ ಬರುತ್ತೆ, ಎಷ್ಟು ನಿಮಿಷ ಇರಬಹುದು?" ಕಾಣಿಕೆ ಎತ್ತೋವಾಗ ಹಾಡೋದಕ್ಕೂ, ಪ್ರಸಂಗಕ್ಕೆ ಮುಂಚೆ ಹಾಡೋದಕ್ಕೂ ಬೇರೆ ಬೇರೆ ಹಾಡು ಹೊಂದುತ್ತವೆ. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರಗಳು ಆಗಮನ ಕಾಲಕ್ಕೆ ಸೇರಿದವು. ಕೆಲವು ಸಭೆಗಳಲ್ಲಿ ಆಗ ಹುಟ್ಟಿನ ಹಾಡು ಹಾಡೋದಿಲ್ಲ. ಇದನ್ನು ಹಾಳೆ ಸಿಕ್ಕ ಮೇಲೆ ಕೇಳಿದರೆ ಒಂದು ವಾರ ಹೋದಂತೆ.

ಎಲ್ಲಿ ಹುಡುಕೋದು?

ಹಳೆಯ ಕೃತಿಗಳಿಗೆ ಮೊದಲು ಹೋಗಬೇಕಾದ ಜಾಗ ಐಎಂಎಸ್‌ಎಲ್‌ಪಿ. 2006ರಲ್ಲಿ ಶುರುವಾದ ಈ ಉಚಿತ ಸಂಗ್ರಹಕ್ಕೆ ಪೆಟ್ರುಚ್ಚಿ ಲೈಬ್ರರಿ ಅಂತಲೂ ಹೆಸರಿದೆ. 1501ರಲ್ಲಿ ವೆನಿಸ್‌ನಲ್ಲಿ ಅಚ್ಚುಮೊಳೆಯಿಂದ ಬಹುದನಿಯ ಸಂಗೀತದ ಪುಸ್ತಕ ಅಚ್ಚು ಹಾಕಿದ ಒಟ್ಟಾವಿಯಾನೊ ಪೆಟ್ರುಚ್ಚಿಯ ನೆನಪಿಗೆ ಇಟ್ಟ ಹೆಸರು ಅದು. ಹಕ್ಕುಸ್ವಾಮ್ಯ ಮುಗಿದ ಹಳೆಯ ಅಚ್ಚುಗಳನ್ನು ಸ್ಕ್ಯಾನ್ ಮಾಡಿ ಇಲ್ಲಿ ಇಟ್ಟಿರುತ್ತಾರೆ. ಒಂದೇ ಕೃತಿಗೆ ಹತ್ತಾರು ಆವೃತ್ತಿ ಕಂಡು ಗಾಬರಿಯಾಗಬೇಡಿ. "ವೋಕಲ್ ಸ್ಕೋರ್" ಅನ್ನೋ ವಿಭಾಗಕ್ಕೆ ನೇರ ಹೋಗಿ.

ಕ್ವಾಯರ್ ಹಾಡಿಗೆ ಸಿಪಿಡಿಎಲ್, ಅಂದರೆ ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ; 1998ರಿಂದ ಇದೆ. ಇಲ್ಲಿನ ಅನುಕೂಲ ಏನಂದರೆ, ಬಹಳಷ್ಟು ಹಾಡುಗಳಿಗೆ ಪಿಡಿಎಫ್ ಜತೆ ಕಂಪ್ಯೂಟರ್‌ನಲ್ಲಿ ತಿದ್ದಬಹುದಾದ ಫೈಲೂ ಇರುತ್ತೆ. ಇದು ಯಾಕೆ ಮುಖ್ಯ ಅಂತ ಶ್ರುತಿಯ ಭಾಗದಲ್ಲಿ ನೋಡೋಣ.

ಚರ್ಚಿನ ಸ್ತುತಿಗೀತೆಗಳಿಗೆ ಹಿಮ್ನರಿ. ಇಲ್ಲಿ ಹಾಡಿನ ಮೊದಲ ಸಾಲಿನಿಂದ ಮಾತ್ರವಲ್ಲ, ಧಾಟಿಯ ಹೆಸರಿನಿಂದ, ಛಂದಸ್ಸಿನ ಅಂಕಿಯಿಂದ ಕೂಡ ಹುಡುಕಬಹುದು. ಕನ್ನಡ ಹಾಡು ಹಾಡೋರಿಗೆ ಈ ಬೀಗದಕೈ ಬಹಳ ಉಪಯೋಗದ್ದು.

ಇನ್ನು ಮ್ಯೂಸ್‌ಸ್ಕೋರ್. ಇದರಲ್ಲಿ ಎರಡು ಇವೆ, ಕಲಸಬೇಡಿ. ಒಂದು ಸ್ವರಲಿಪಿ ಬರೆಯೋ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್. ಇನ್ನೊಂದು ಜನ ತಾವು ಬರೆದ ಹಾಳೆ ಹಂಚಿಕೊಳ್ಳೋ ಜಾಲತಾಣ. ಅಲ್ಲಿ ಬಹಳಷ್ಟು ಹಾಳೆ ಇಳಿಸಿಕೊಳ್ಳೋಕೆ ಚಂದಾ ಕೇಳ್ತಾರೆ, ಹಾಳೆಯ ಗುಣಮಟ್ಟವೂ ಬರೆದವರ ಕಿವಿಯಷ್ಟೇ. ಅಲ್ಲಿಂದ ತಗೊಂಡರೆ ಒಂದು ಒಳ್ಳೆಯ ರೆಕಾರ್ಡಿಂಗ್ ಹಾಕಿ, ಹಾಳೆ ಹಿಡಿದು, ಪೂರ್ತಿ ಒಮ್ಮೆ ತಾಳೆ ನೋಡಿ.

ಶ್ರುತಿ ಲೆಕ್ಕ

ಈಗ ಮುಖ್ಯ ವಿಷಯ. ನಮ್ಮ ಚಿಗಟೇರಿ ಹುಡುಗಿ 'ಸೈಲೆಂಟ್ ನೈಟ್' ಹಾಡಬೇಕು ಅಂದುಕೊಂಡಳು ಅನ್ನಿ. ಆಯ್ಕೆ ಚೆನ್ನಾಗಿದೆ. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ 1818ರ ಡಿಸೆಂಬರ್ 24ರಂದು ಮೊದಲು ಹಾಡಿದ್ದು. ಮಾತು ಬರೆದವರು ಯೋಸೆಫ್ ಮೋರ್ ಎಂಬ ಪಾದ್ರಿ, ಧಾಟಿ ಕಟ್ಟಿದವರು ಫ್ರಾನ್ಸ್ ಗ್ರೂಬರ್ ಎಂಬ ಶಾಲಾ ಮೇಷ್ಟ್ರು. ಎರಡು ಒಂಟಿ ದನಿ ಮತ್ತು ಒಂದು ಗಿಟಾರ್‌ಗಾಗಿಯೇ ಕಟ್ಟಿದ್ದು ಅದು. ದೊಡ್ಡ ಆರ್ಗನ್ ಇಲ್ಲದ ಸಣ್ಣ ಚರ್ಚಿಗೆ ಹೇಳಿ ಮಾಡಿಸಿದಂತಿದೆ.

ಗ್ರೂಬರ್ ಬರೆದದ್ದು ಡಿ ಮೇಜರ್‌ನಲ್ಲಿ. ಹಿಮ್ನಲ್‌ಗಳಲ್ಲಿ ಸಾಮಾನ್ಯವಾಗಿ ಸಿ ಅಥವಾ ಬಿ ಫ್ಲಾಟ್‌ನಲ್ಲಿ ಇರುತ್ತೆ. ಇವಳಿಗೆ ಯಾವುದು?

ಮಿಡಿ ಅಂಕಿ ಬಳಸೋಣ. ಮಿಡಿಯಲ್ಲಿ ಕೀಬೋರ್ಡಿನ ನಡುವಿನ ಸಿ ಅಂದರೆ 60. ಪಕ್ಕದ ಕೀಗೆ ಹೋದಂತೆ, ಕಪ್ಪೋ ಬಿಳಿಯೋ, ಒಂದೊಂದು ಹೆಚ್ಚುತ್ತೆ. ಹನ್ನೆರಡು ಸೇರಿದರೆ ಒಂದು ಸ್ಥಾಯಿ. ಸಿ ಮೇಜರ್‌ನಲ್ಲಿ ಈ ಧಾಟಿಯ ಅತಿ ಕೆಳಗಿನ ಸ್ವರ ಮಧ್ಯಸ್ಥಾಯಿಯ ಸ, ಅಂದರೆ 60. ಅತಿ ಮೇಲಿನದು ತಾರಸ್ಥಾಯಿಯ ಮ, ಅಂದರೆ 77. ಅಂತರ 17.

ಈಗ ಅವಳ ದನಿ. ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್ ಹಾಕಿಕೊಂಡು, ನಾಲ್ಕು ಎಣಿಸುವಷ್ಟು ಹೊತ್ತು ಅಲುಗಾಡದೆ ನಿಲ್ಲಿಸಬಲ್ಲ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರ ಗುರುತು ಹಾಕಬೇಕು. ಕಿರುಚಿ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಇದನ್ನು ಬೆಳಗಿನ ಹೊತ್ತೇ ಮಾಡಬೇಕು, ಯಾಕಂದ್ರೆ ಆರಾಧನೆ ಇರೋದು ಬೆಳಿಗ್ಗೆ. ರಾತ್ರಿ ಹಾಸ್ಟೆಲ್ ಟೆರೇಸಿನಲ್ಲಿ ಮುಟ್ಟಿದ ಮೇಲಿನ ಸ್ವರ ಬೆಳಿಗ್ಗೆ ಸಿಗೋದು ಕಷ್ಟ. ಅವಳಿಗೆ 57ರಿಂದ 74 ಬಂತು ಅನ್ನಿ. ಅಂದರೆ ಕೆಳಗಿನ ಎ ಯಿಂದ ಮೇಲಿನ ಡಿ ವರೆಗೆ. ಅಂತರ ಇಲ್ಲೂ 17.

ಮೊದಲ ಪರೀಕ್ಷೆ: ಹಾಡಿನ ಅಂತರ ದನಿಯ ಅಂತರಕ್ಕಿಂತ ಹೆಚ್ಚಿದ್ದರೆ ಯಾವ ಶ್ರುತಿಯಲ್ಲೂ ಆ ಹಾಡು ಆಗೋದಿಲ್ಲ, ಬೇರೆ ಹಾಡು ನೋಡಬೇಕು. ಇಲ್ಲಿ ಎರಡೂ ಸಮ, ಪಾಸ್. ಎರಡನೇ ಲೆಕ್ಕ: ಎಷ್ಟು ಸರಿಸಬೇಕು? 74ರಿಂದ 77 ಕಳೆದರೆ ಮೈನಸ್ 3. ಸಿ ಯಿಂದ ಮೂರು ಕೀ ಕೆಳಗೆ ಬಂದರೆ ಎ. ಆದ್ದರಿಂದ ಅವಳ ಹಾಳೆ ಎ ಮೇಜರ್. ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಆರು. ಕರ್ನಾಟಕ ಸಂಗೀತದವರ ಲೆಕ್ಕದಲ್ಲಿ ಆರು ಮನೆ ಶ್ರುತಿ. ಹಿಮ್ನಲ್‌ನ ಬಿ ಫ್ಲಾಟ್ ಹಾಳೆ ಹಿಡಿದರೆ ಮೇಲಿನ ಸ್ವರ 75ಕ್ಕೆ ಹೋಗುತ್ತೆ, ಅವಳ ಮಿತಿಗಿಂತ ಒಂದು ಹೆಚ್ಚು. ಗ್ರೂಬರ್‌ನ ಮೂಲ ಡಿ ಮೇಜರ್‌ನಲ್ಲಿ 79. "ಒರಿಜಿನಲ್ ಕೀ" ಅನ್ನೋ ಹಠದಿಂದ ಹೊರಟರೆ ಐದು ಕೀ ಮೇಲೆ ಹತ್ತಬೇಕಾಗ್ತಿತ್ತು.

ಇದೇ ಲೆಕ್ಕವನ್ನು 'ಮೆಸ್ಸಾಯ'ಕ್ಕೆ ಹಾಕಿ. ಹ್ಯಾಂಡೆಲ್ ಇದನ್ನು 1741ರಲ್ಲಿ 24 ದಿನದಲ್ಲಿ ಬರೆದು ಮುಗಿಸಿದ. 1742ರ ಏಪ್ರಿಲ್ 13ಕ್ಕೆ ಡಬ್ಲಿನ್‌ನಲ್ಲಿ ಮೊದಲ ಪ್ರದರ್ಶನ. ಅದರ ಮೂರನೇ ಭಾಗ ಆರಂಭವಾಗೋ ಪ್ರಸಿದ್ಧ ಸೊಪ್ರಾನೊ ಹಾಡು 64ರಿಂದ 80ರವರೆಗೆ ಹೋಗುತ್ತೆ. ಅಂತರ 16, ಅಂದರೆ ಕಾಗದದ ಮೇಲೆ ನಮ್ಮ ಹುಡುಗಿಗೆ ಸಾಧ್ಯ. ಆದರೆ ಆರು ಕೀ ಕೆಳಗಿಳಿಸಬೇಕು. ಪಿಯಾನೊ ಭಾಗವೂ ಅಷ್ಟೇ ಕೆಳಗಿಳಿದು ದನಿ ಭಾರವಾಗುತ್ತೆ. ಅಂಕಿ ಪಾಸಾದರೂ ಕಿವಿ ಒಪ್ಪಬೇಕು.

ಸರಿಸೋದು ಹೇಗೆ? ಮೂರು ದಾರಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದ್ದರೆ ಮೈನಸ್ 3 ಒತ್ತಿ. ಅಣ್ಣ ಸಿ ಯಲ್ಲೇ ನುಡಿಸ್ತಾರೆ, ಹೊರಗೆ ಎ ಕೇಳಿಸುತ್ತೆ. ತಿದ್ದಬಹುದಾದ ಫೈಲ್ ಇದ್ದರೆ ಮ್ಯೂಸ್‌ಸ್ಕೋರ್‌ನಲ್ಲಿ ತೆರೆದು ಟ್ರಾನ್ಸ್‌ಪೋಸ್ ಮಾಡಿ ಹೊಸ ಪಿಡಿಎಫ್ ತೆಗೀರಿ. ಮ್ಯೂಸಿಕ್ ಎಕ್ಸ್‌ಎಂಎಲ್ ಅನ್ನೋ ಫಾರ್ಮ್ಯಾಟ್ ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಓಡಾಡುತ್ತೆ. ಬರೀ ಸ್ಕ್ಯಾನ್ ಇದ್ದರೆ ಆಡಿವೆರಿಸ್ ಅನ್ನೋ ಓಪನ್ ಸೋರ್ಸ್ ಸಾಧನ ಚಿತ್ರದಿಂದ ಸ್ವರ ಓದಿ ಕೊಡುತ್ತೆ. ಮಸುಕಾದ ಹಳೆಯ ಸ್ಕ್ಯಾನ್‌ನಲ್ಲಿ ಅದು ತಪ್ಪು ಓದೋದೂ ಇದೆ, ಸಾಲು ಸಾಲಾಗಿ ತಿದ್ದಬೇಕು.

ಕನ್ನಡ ಹಾಡಾದರೆ?

ಇಲ್ಲಿವರೆಗೆ ಹೇಳಿದ್ದು ಪಶ್ಚಿಮದ ಹಾಡಿಗೆ. ಊರಿನ ಚರ್ಚಿನಲ್ಲಿ ಅಜ್ಜಿ ಕೂತು ಕೇಳೋವಾಗ ಕನ್ನಡದಲ್ಲಿ ಹಾಡಬೇಕು ಅನ್ನಿಸಿದರೆ? ನಮ್ಮ ಸಭೆಗಳಲ್ಲಿ ಕೈಗೆ ಸಿಗೋ ಹಾಡಿನ ಪುಸ್ತಕದಲ್ಲಿ ಸಾಮಾನ್ಯವಾಗಿ ಮಾತು ಮಾತ್ರ ಇರುತ್ತೆ, ಸ್ವರ ಇರೋದಿಲ್ಲ. ಹಾಗಂತ ಸ್ವರ ಎಲ್ಲೂ ಇಲ್ಲ ಅಂತಲ್ಲ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಇವತ್ತು ವಿಜಯನಗರ ಜಿಲ್ಲೆಯಲ್ಲಿರೋ ಚಿಗಟೇರಿಯ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿಗೆ 1810ರಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದಿದ್ದರು. ಕನ್ನಡದ ಪೂರ್ತಿ ಬೈಬಲ್ 1831ರಲ್ಲಿ ಹೊರಬಂದದ್ದು ಅವರ ಕೆಲಸದಿಂದ. ಕರಾವಳಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು. ಅದು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಹಬ್ಬಿತು. ಮೊದಲಿನವರು ಇಂಗ್ಲಿಷ್ ಸ್ತುತಿಗೀತೆಗಳ ನಡುವೆ ಬೆಳೆದವರು, ಎರಡನೆಯವರು ಜರ್ಮನ್ ಕೋರಲ್‌ಗಳ ನಡುವೆ. ಹೀಗಾಗಿ ಒಂದೇ ಅರ್ಥದ ಹಾಡು ಬಳ್ಳಾರಿ ಕಡೆ ಒಂದು ಧಾಟಿಯಲ್ಲೂ ಹುಬ್ಬಳ್ಳಿ ಕಡೆ ಇನ್ನೊಂದು ಧಾಟಿಯಲ್ಲೂ ಕೇಳಿಸಿದರೆ ಆಶ್ಚರ್ಯ ಬೇಡ. ಹಾಳೆ ಹುಡುಕೋ ಮೊದಲು ನಿಮ್ಮ ಊರಿನವರು ಹಾಡೋ ಧಾಟಿ ಯಾವುದು ಅಂತ ಫೋನಿನಲ್ಲಿ ಕೇಳಿಸಿಕೊಳ್ಳಿ. ಸಭೆ ಒಂದು ಧಾಟಿ ಎದುರು ನೋಡ್ತಾ ಇರೋವಾಗ ನೀವು ಇನ್ನೊಂದು ಹಾಡಿದರೆ, ತಪ್ಪಿಲ್ಲದಿದ್ದರೂ ತಪ್ಪಿದಂತೆ ಕೇಳಿಸುತ್ತೆ.

ಈಗ ಆ ಬೀಗದಕೈ. ಸ್ತುತಿಗೀತೆಗಳ ಲೋಕದಲ್ಲಿ ಮಾತು ಬೇರೆ, ಧಾಟಿ ಬೇರೆ. ಎರಡನ್ನೂ ಜೋಡಿಸೋದು ಛಂದಸ್ಸಿನ ಅಂಕಿ. ಸಾಫ್ಟ್‌ವೇರ್ ಓದಿದವರು ಇದನ್ನು ಇಂಟರ್‌ಫೇಸ್ ಅಂತ ತಿಳಿಯಬಹುದು: ಅಳತೆ ಹೊಂದಿದರೆ ಯಾವ ಮಾತಿಗೆ ಯಾವ ಧಾಟಿಯನ್ನೂ ಸಿಕ್ಕಿಸಬಹುದು. 8.6.8.6 ಅಂದರೆ ಸಾಲಿಗೆ ಎಂಟು, ಆರು, ಎಂಟು, ಆರು ಉಚ್ಚಾರಗಳು. ಇದಕ್ಕೆ ಕಾಮನ್ ಮೀಟರ್ ಅಂತ ಹೆಸರು. 8.8.8.8 ಲಾಂಗ್ ಮೀಟರ್, 6.6.8.6 ಶಾರ್ಟ್ ಮೀಟರ್. ಧಾಟಿಗಳಿಗೂ ಅವುಗಳದೇ ಹೆಸರು ಇರುತ್ತೆ. 'ಅಮೇಜಿಂಗ್ ಗ್ರೇಸ್'ನ ಮಾತು ಜಾನ್ ನ್ಯೂಟನ್‌ನದು, 1779ರಲ್ಲಿ ಅಚ್ಚಾದದ್ದು. ಇವತ್ತು ಎಲ್ಲರಿಗೂ ಗೊತ್ತಿರೋ ಧಾಟಿಯ ಹೆಸರು 'ನ್ಯೂ ಬ್ರಿಟನ್'. ಅಮೆರಿಕದ ಒಂದು ಹಾಡಿನ ಪುಸ್ತಕದಲ್ಲಿ ಈ ಎರಡೂ ಜೊತೆಯಾದದ್ದು 1835ರಲ್ಲಿ. ಮಾತಿಗೂ ಧಾಟಿಗೂ ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚು ಅಂತರ!

ಆದ್ದರಿಂದ ನಿಮ್ಮ ಕನ್ನಡ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ಧಾಟಿಯ ಹೆಸರೋ, ಮೂಲ ಇಂಗ್ಲಿಷ್ ಹಾಡಿನ ಮೊದಲ ಸಾಲೋ, ಚುಕ್ಕಿ ಇಟ್ಟ ಅಂಕಿಗಳೋ ಇದ್ದರೆ ಅದನ್ನು ಬಿಡಬೇಡಿ. ಅದನ್ನು ಹಿಮ್ನರಿಯಲ್ಲಿ ಹಾಕಿದರೆ ಧಾಟಿಯ ಹಾಳೆ ಸಿಗೋ ಸಾಧ್ಯತೆ ಹೆಚ್ಚು. ಮಾತು ಕನ್ನಡ ಪುಸ್ತಕದಿಂದ, ಸ್ವರ ಅಲ್ಲಿಂದ, ಜೋಡಣೆ ನಿಮ್ಮದು.

ಹಳೆಯ ಪುಸ್ತಕಗಳೇ ಬೇಕಾದರೆ ಮಂಗಳೂರಿನ ಬಲ್ಮಠದಲ್ಲಿರೋ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ, ಇವೆರಡರ ಗ್ರಂಥಪಾಲಕರಿಗೆ ಒಂದು ವಿನಯದ ಪತ್ರ ಬರೆಯಬಹುದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟ್ ಸಂಗ್ರಹ ಅನ್ನೋ ಹೆಸರಿನಲ್ಲಿ ಡಿಜಿಟಲ್ ಮಾಡಿರೋ ಪುಸ್ತಕಗಳಲ್ಲಿ ಮಲಯಾಳದ ಜತೆ ಕನ್ನಡದವೂ ಇವೆ. ಆದರೆ ಮೂರು ವಾರದಲ್ಲಿ ಹಾಡೋದಿದ್ದರೆ ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಕುರಿಮರಿ ಮತ್ತು ಮಾರಿ

ಉಚ್ಚಾರ ಎಣಿಸಿ ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ. ಇಂಗ್ಲಿಷ್ ಪದ್ಯ ನಡೆಯೋದು ಒತ್ತಿನ ಮೇಲೆ. ಕನ್ನಡದಲ್ಲಿ ಹ್ರಸ್ವ-ದೀರ್ಘ ಬದಲಾದರೆ ಅರ್ಥವೇ ಬದಲು. 'ಕುರಿಮರಿ' ಅನ್ನೋ ಪದದಲ್ಲಿ 'ಮ' ಮೇಲೆ ಎರಡು ಎಣಿಕೆಯ ಉದ್ದ ಸ್ವರ ಬಿತ್ತು ಅನ್ನಿ: ಹಾಡುವಾಗ 'ಕುರಿಮಾರಿ' ಆಗುತ್ತೆ! ಕ್ರಿಸ್ತನ ಕುರಿಮರಿ ಹೋಗಿ ಊರಮ್ಮನ ಹೆಸರು ಬಂತು. 'ಬಲ' ಅನ್ನೋದನ್ನು ಎಳೆದರೆ 'ಬಾಲ'. ಮುಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಗೋಕೆ ಇಷ್ಟು ಸಾಕು.

ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ಗುರುತಿಸ್ತೀವಿ. ಅವರು 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದರು. ಪರದೇಶದ ಧಾಟಿಗೆ ಕನ್ನಡ ಮಾತು ತುರುಕೋದೊಂದೇ ದಾರಿಯಲ್ಲ, ಕನ್ನಡದ ಅಳತೆಯಲ್ಲೇ ಹೇಳಬಹುದು ಅಂತ ಮಾಡಿ ತೋರಿಸಿದ ಕೆಲಸ ಅದು.

ನಿಮಗೆ ಇಲ್ಲಿ ಬೇಕಾದದ್ದು ಸಣ್ಣ ಕೆಲಸ: ಪ್ರತಿ ಸ್ವರದ ಕೆಳಗೆ ಒಂದೊಂದು ಅಕ್ಷರ ಬರೆದು ನೋಡೋದು. ಉದ್ದ ಸ್ವರದ ಕೆಳಗೆ ಲಘು ಬಂದಿದ್ದರೆ ಗುರುತು ಹಾಕಿ. ಅಲ್ಲಿ ಸ್ವರವನ್ನು ಬೇಗ ಬಿಟ್ಟು ಸ್ವಲ್ಪ ಉಸಿರು ತಗೊಳ್ಳಬಹುದು, ಅಥವಾ ಮುಂದಿನ ದೀರ್ಘಾಕ್ಷರಕ್ಕೆ ಆ ಎಣಿಕೆ ಕೊಡಬಹುದು. ಮ್ಯೂಸ್‌ಸ್ಕೋರ್‌ನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಮಾತು ಬರೆಯೋ ಜಾಗ ತೆರೆಯುತ್ತೆ. ಪದ ಮುಗಿದರೆ ಸ್ಪೇಸ್, ಪದದ ನಡುವೆ ಹೈಫನ್. ಕನ್ನಡ ಯೂನಿಕೋಡ್ ಟೈಪ್ ಮಾಡಬಹುದು. ಅಕ್ಷರ ಒಡೆದು ಕಂಡರೆ ಫಾಂಟ್ ಬದಲಿಸಿ. 'ಕ್ರಿಸ್ತ'ವನ್ನು 'ಕ್ರಿ-ಸ್ತ' ಅಂತ ಒಡೆದು ಬರೆದರೂ ಹಾಡೋವಾಗ 'ಸ್' ಮೊದಲ ಸ್ವರದ ಕೊನೆಗೇ ಬರುತ್ತೆ ಅನ್ನೋದು ನೆನಪಿರಲಿ.

ಹಾಳೆಯೇ ಇಲ್ಲದಿದ್ದರೆ?

ಪುಸ್ತಕದಲ್ಲಿ ಧಾಟಿಯ ಹೆಸರಿನ ಬದಲು ರಾಗ-ತಾಳ ಬರೆದಿದ್ದರೆ ಅದು ಕೀರ್ತನೆ, ಭಜನೆಯ ಜಾತಿಯದು. ಇದಕ್ಕೆ ಐಎಂಎಸ್‌ಎಲ್‌ಪಿ, ಹಿಮ್ನರಿ ಯಾವುದೂ ನೆರವಾಗೋದಿಲ್ಲ. ಇದರ ಸ್ವರ ಇರೋದು ಊರಿನ ಹಿರಿಯರ ಗಂಟಲಲ್ಲಿ. ಹಾಳೆ ಸಿಗದಿದ್ದರೆ ಬರೆಯಬೇಕು.

ಹೆದರಬೇಡಿ. ಹಿರಿಯರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ಎರಡು ಸಲ ರೆಕಾರ್ಡ್ ಮಾಡಿ: ಒಮ್ಮೆ ಅವರು ಹಾಡೋ ಹಾಗೆ, ಒಮ್ಮೆ ನಿಧಾನವಾಗಿ ತಾಳ ಹಾಕಿಕೊಂಡು. ತಂಬೂರಿ ಆ್ಯಪ್‌ನಿಂದ ಅವರ ಸ ಯಾವುದು ಅಂತ ಹಿಡಿಯಿರಿ. ಆಡಾಸಿಟಿಯಲ್ಲಿ ಶ್ರುತಿ ಕೆಡದಂತೆ ವೇಗ ಮಾತ್ರ ಅರ್ಧ ಮಾಡಬಹುದು. ಒಂದೊಂದು ಆವರ್ತಕ್ಕೆ ಒಂದು ಗೆರೆ ಎಳೆದು, ಸರಿಗಮದಲ್ಲೇ ಬರೆಯಿರಿ, ಕೆಳಗೆ ಸಾಹಿತ್ಯ. ಸೋನಿಕ್ ವಿಷುಯಲೈಸರ್‌ನಂಥ ಉಚಿತ ಸಾಧನದಲ್ಲಿ ದನಿಯ ಏರಿಳಿತವನ್ನು ಗೆರೆಯಾಗಿ ನೋಡಬಹುದು. ಆದರೆ ಗಮಕ ಇರೋ ಜಾಗದಲ್ಲಿ ಆ ಗೆರೆ ಅಲೆಅಲೆಯಾಗಿರುತ್ತೆ, ಮೆಟ್ಟಿಲು ಮೆಟ್ಟಿಲಾಗಿ ಸಿಗೋದಿಲ್ಲ. ಕೊನೆಯ ತೀರ್ಮಾನ ಕಿವಿಯದ್ದೇ.

ಸರಿಗಮ ಗೊತ್ತಿದ್ದವರಿಗೆ ಚರ್ಚಿನ ಸೋಲ್-ಫಾ ಕೂಡ ಹೊಸದಲ್ಲ. ಇಂಗ್ಲೆಂಡಿನ ಸಾರಾ ಗ್ಲೋವರ್ ಶುರು ಮಾಡಿ, ಹತ್ತೊಂಬತ್ತನೇ ಶತಮಾನದಲ್ಲಿ ಜಾನ್ ಕರ್ವೆನ್ ಬೆಳೆಸಿದ ಪದ್ಧತಿ ಅದು. ಐದು ಗೆರೆ ಕಲಿಯದ ಜನಸಾಮಾನ್ಯರೂ ಹಾಡಲಿ ಅಂತ ಮಾಡಿದ್ದು. ಡೋ ಅಂದರೆ ಸ, ರೇ ಅಂದರೆ ರಿ, ಮಿ ಅಂದರೆ ಗ, ಫಾ ಅಂದರೆ ಮ, ಸೋ ಅಂದರೆ ಪ, ಲಾ ಅಂದರೆ ದ, ಟೀ ಅಂದರೆ ನಿ. ಎಣಿಕೆಗಳ ನಡುವೆ ಕೋಲನ್, ಸ್ವರ ಮುಂದುವರಿದರೆ ಅಡ್ಡಗೆರೆ. ಡೋ ಯಾವ ಶ್ರುತಿ ಅಂತ ಮೇಲೆ ಬರೆದಿರುತ್ತೆ. ನಮ್ಮ ಸ ಇದ್ದ ಹಾಗೇ ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಮೇಜರ್ ಸ್ಕೇಲ್ ಅಂದರೆ ನಮ್ಮ ಶಂಕರಾಭರಣದ ಸ್ವರಗಳು, ಹಿಂದೂಸ್ತಾನಿಯಲ್ಲಿ ಬಿಲಾವಲ್. ನಾಲ್ಕು ವರ್ಷ ಸಂಗೀತ ಪಾಠಕ್ಕೆ ಹೋಗಿ ಬಿಟ್ಟವರು ಕೂಡ ಒಂದು ಸಂಜೆಯಲ್ಲಿ ಸೋಲ್-ಫಾ ಹಾಳೆ ಓದಬಹುದು.

ಹಕ್ಕಿನ ಮಾತು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಕೃತಿಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಗ್ರೂಬರ್ ತೀರಿಕೊಂಡದ್ದು 1863ರಲ್ಲಿ, ಆದ್ದರಿಂದ ಅವರ ಧಾಟಿ ಎಲ್ಲರದು. ಆದರೆ 'ಹೌ ಗ್ರೇಟ್ ದೌ ಆರ್ಟ್' ಹಳೆಯ ಹಾಡಿನಂತೆ ಕೇಳಿಸಿದರೂ, ಅದರ ಇಂಗ್ಲಿಷ್ ಮಾತು ಬರೆದ ಸ್ಟುವರ್ಟ್ ಹೈನ್ ತೀರಿಕೊಂಡದ್ದು 1989ರಲ್ಲಿ. ಇಲ್ಲಿ 2049ರ ಕೊನೆವರೆಗೆ ಹಕ್ಕಿದೆ. ಹಳೆಯ ಹಾಡಿನ ಹೊಸ ಅರೇಂಜ್‌ಮೆಂಟ್‌ಗೂ, ಹೊಸ ಕನ್ನಡ ಅನುವಾದಕ್ಕೂ ಪ್ರತ್ಯೇಕ ಹಕ್ಕು ಇರುತ್ತೆ.

ಆರಾಧನೆಯಲ್ಲಿ ಹಾಡೋದರ ಬಗ್ಗೆ ಚಿಂತೆ ಬೇಡ: ನಿಜವಾದ ಧಾರ್ಮಿಕ ಸಮಾರಂಭದ ಭಾಗವಾಗಿ ಹಾಡೋದು ಉಲ್ಲಂಘನೆಯಲ್ಲ ಅಂತ ಕಾಯ್ದೆಯ 52ನೇ ಕಲಮಿನಲ್ಲೇ ಇದೆ. ಆದರೆ ಹಕ್ಕಿರೋ ಹಾಳೆಯನ್ನು ಝೆರಾಕ್ಸ್ ಮಾಡಿ ಹಂಚೋದು, ಹಾಡಿದ್ದನ್ನು ಯೂಟ್ಯೂಬ್‌ಗೆ ಹಾಕೋದು ಬೇರೆ ವಿಷಯ. ಅಂಥ ಹಾಡಾದರೆ ನಿಮಗೊಂದು, ಕೀಬೋರ್ಡಿಗೊಂದು ಅಂತ ಎರಡು ಪ್ರತಿ ಕೊಂಡರೆ ಮುಗೀತು.

ಮೂರು ವಾರದ ಲೆಕ್ಕ

ಮೊದಲ ವಾರ: ಇಬ್ಬರಿಗೆ ಫೋನು, ದನಿಯ ಅಳತೆ, ಹಾಡಿನ ಆಯ್ಕೆ, ಹಾಳೆ. ಎರಡನೇ ವಾರ: ಶ್ರುತಿ ಬದಲಾಯಿಸಿದ ಹಾಳೆ, ಅಕ್ಷರ ಜೋಡಣೆ, ಕೀಬೋರ್ಡ್‌ನವರಿಗೆ ಪ್ರತಿ ಕಳಿಸೋದು. ಅವರು ನುಡಿಸಿ ರೆಕಾರ್ಡ್ ಕಳಿಸಿದರೆ ಹಾಸ್ಟೆಲ್‌ನಲ್ಲೇ ಅದರ ಜೊತೆ ಹಾಡಿಕೊಳ್ಳಬಹುದು. ಮೂರನೇ ವಾರ: ಊರಲ್ಲಿ ಒಟ್ಟಿಗೆ ಅಭ್ಯಾಸ, ಚರ್ಚಿನ ಒಳಗೇ, ಮೈಕ್ ಹಾಕಿಕೊಂಡು. ಹಾಳೆಯನ್ನು ಎ-4ನಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಪುಟ ತಿರುಗಿಸೋ ಜಾಗ ಉದ್ದ ಸ್ವರದ ನಡುವೆ ಬರದಂತೆ ನೋಡಿ. ಫೋನಿನ ಪರದೆ ನೋಡಿ ಹಾಡೋದು ಬೇಡ, ಆರಿಹೋದರೆ ಕಷ್ಟ.

ಕೊನೆಗೊಂದು ಮಾತು. 'ಸೈಲೆಂಟ್ ನೈಟ್' ಜಗತ್ತಿನ ಮೂಲೆಮೂಲೆಗೆ ಹೋದದ್ದು ಚೆನ್ನಾಗಿದೆ ಅನ್ನೋ ಕಾರಣಕ್ಕೆ ಮಾತ್ರವಲ್ಲ, ಯಾರೋ ಅದನ್ನು ಬರೆದಿಟ್ಟಿದ್ದರು ಅನ್ನೋ ಕಾರಣಕ್ಕೂ ಹೌದು. ನಮ್ಮ ಹಳ್ಳಿ ಚರ್ಚುಗಳಲ್ಲಿ ಕನ್ನಡ ರಾಗದಲ್ಲಿ ಹಾಡೋ ಎಷ್ಟೋ ಧಾಟಿಗಳಿಗೆ ಆ ಅದೃಷ್ಟ ಇನ್ನೂ ಬಂದಿಲ್ಲ. ಮಾತು ಪುಸ್ತಕದಲ್ಲಿ ಉಳಿಯುತ್ತೆ; ಧಾಟಿ ಗೊತ್ತಿದ್ದ ಕೊನೆಯ ಅಜ್ಜಿ ಹೋದ ದಿನ ಅದು ಹೋಗುತ್ತೆ, ಆಮೇಲೆ ಯಾವ ಸರ್ಚ್ ಬಾಕ್ಸಿನಲ್ಲೂ ಸಿಗೋದಿಲ್ಲ. ಚರ್ಚಿಗೆ ಹೋಗೋರಿಗೆ ಮಾತ್ರ ಹೇಳ್ತಿಲ್ಲ ನಾವು. ಬೀಸೋ ಪದ, ಸೋಬಾನೆ, ತತ್ವಪದ, ಡೊಳ್ಳಿನ ಹಾಡು, ಎಲ್ಲದರ ಕಥೆಯೂ ಇದೇ. ಈ ರಜೆಯಲ್ಲಿ ಊರಿಗೆ ಹೋದಾಗ ಒಂದೇ ಒಂದು ಹಾಡು ಕೇಳಿ, ರೆಕಾರ್ಡ್ ಮಾಡಿ, ಸರಿಗಮದಲ್ಲಿ ಬರೆದು ತನ್ನಿ. ಹಾಡಿದವರು ಒಪ್ಪಿದರೆ ಅವರ ಹೆಸರು, ಊರು, ತಾರೀಕು ಹಾಳೆಯ ತಲೆಯ ಮೇಲೆ ಹಾಕಿ. ಮುಂದೊಂದು ದಿನ ಹಾಡೋಕೆ ಒಬ್ಬಳೇ ಎದ್ದು ನಿಲ್ಲೋ ಹುಡುಗಿಗೆ ಆ ಹಾಳೆ ಬೇಕಾಗುತ್ತೆ.